ಎಣ್ಣೆ ತಾಗದ ಒಣಮೀನು

ನವೆಂಬರ್ ಒಂಬತ್ತು, ಬೆಳಗ್ಗೆ ಎಂಟೂವರೆ. ಸಾಮ್‌ಚೊಕ್ ಪೊಲೀಸ್ ಠಾಣೆಗೆ ಬಂದ ಮುದುಕಿ ಮೇಂಗ್ ಒಕ್‌ಬುನ್, ಕೂರಲು ಹೇಳಿದರೂ ಕೂರದೆ, ಗ್ಯಾರೇಜಿನ ತಾಕ್‌ನನ್ನು ಒಳಗೆ ಹಾಕಿ ಎಂದಳು. ಅವಳ ಕಿರಿಯ ಮಗ ಗಿಹ್ವಾನ್ ಟ್ಯಾಕ್ಸಿ ಓಡಿಸುವವನು. ಮೂರು ವಾರದ ಹಿಂದೆ ಘಾಟಿ ಇಳಿಯುವಾಗ ಎಂಜಿನ್ ಬಿಗಿದು ನಿಂತು, ಸ್ಟೀರಿಂಗ್ ಕಲ್ಲಾಗಿ, ಕಾರು ತಡೆಗೋಡೆಗೆ ಬಡಿದಿತ್ತು. ಜೀವವೇನೋ ಉಳಿಯಿತು. ಕತ್ತಿನಿಂದ ಕೆಳಗೆ ಒಂದು ಬೆರಳೂ ಅಲ್ಲಾಡುವುದಿಲ್ಲ.

"ಹಿಂದಿನ ದಿನ ಆಯಿಲ್ ಬದಲಾಯಿಸಿದ್ದು ಅವನೇ ಸಾರ್. ಬೋಲ್ಟ್ ಬಿಗೀಲಿಲ್ಲ, ಎಲ್ಲ ಸೋರಿಹೋಯ್ತು. ನನ್ನ ಮಗನ್ನ ಮಾಂಸದ ಮುದ್ದೆ ಮಾಡ್ಬಿಟ್ಟ."

"ಆಸ್ಪತ್ರೇಲಿ ಯಾರಿದಾರೆ ಅಜ್ಜಿ?" ಇನ್ಸ್‌ಪೆಕ್ಟರ್ ಚೊನ್ ಕೇಳಿದ.

"ದೊಡ್ಡ ಮಗ ಸಾಂಗ್‌ದೊ. ಉಣಿಸೋದು, ತೊಳೆಯೋದು, ಮಗ್ಗುಲು ಹೊರಳಿಸೋದು ಎಲ್ಲ ಅವನೇ. ಅವನೊಬ್ಬ ಇಲ್ದಿದ್ರೆ ನಾವಿಬ್ರೂ ಸತ್ತ ಹಾಗೇ."

ಎಫ್‌ಐಆರ್ ದಾಖಲಾಯಿತು. ಪೇದೆ ಬಾಂಗ್ ಹೋಗಿ ತಾಕ್‌ನನ್ನು ಕರೆತಂದ. ಜಜ್ಜಿಹೋದ ಟ್ಯಾಕ್ಸಿಯೂ ಠಾಣೆಯ ಶೆಡ್ಡಿಗೆ ಬಂತು. ಎದುರಿನ ನೂಡಲ್ಸ್ ಅಂಗಡಿಯ ಗಂಡಹೆಂಡಿರನ್ನು ಪಂಚರಾಗಿ ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು.

ಚೊನ್ ಹಿಂದೆ ಇಲಾಖೆಯ ವಾಹನ ಶಾಖೆಯಲ್ಲಿದ್ದವನು. ಮೊದಲು ಎಣ್ಣೆ ಇಳಿಸುವ ತಳದ ಬೋಲ್ಟಿಗೆ ಪಾನಾ ಹಾಕಿದ. ಬಿಗಿಯಾಗಿತ್ತು. ಆಯಿಲ್ ಫಿಲ್ಟರ್ ಕೂಡ ಬಿಗಿಯಾಗಿತ್ತು. ಆದರೂ ಒಳಗೆ ಒಂದು ಲೋಟ ಎಣ್ಣೆಯೂ ಇರಲಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಕರೆಸಿದೀರಾ ಸಾರ್?" ತಾಕ್ ಹಲ್ಲು ಕಚ್ಚಿ ಹೇಳಿದ.

"ಬರೆ ಯಾರಿಗೆ ಅಂತ ಆಮೇಲೆ ನೋಡೋಣ, ನಿಂತ್ಕೋ," ಎಂದ ಚೊನ್.

ಸೋರಿದ ಎಣ್ಣೆ ಕಂಡ ಜಾಗವೇ ಸೋರಿದ ಜಾಗವಲ್ಲ. ಅದು ಕೆಳಗೆ ಇಳಿಯುತ್ತದೆ, ಓಡುವ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಇಡೀ ಎಂಜಿನ್ ಜಿಡ್ಡಾಗಿತ್ತು. ಚೊನ್ ಅದನ್ನು ತೊಳೆಸಿ ಒಣಗಿಸಿದ. ಹೊಳೆಯುವ ಬಣ್ಣ ಬೆರೆಸಿದ ಹೊಸ ಎಣ್ಣೆಯನ್ನು ಪಂಪಿನ ಒತ್ತಡದಿಂದ ಎಂಜಿನ್ನಿನ ಎಣ್ಣೆದಾರಿಗೆ ನುಗ್ಗಿಸಿದ. ಬಾಗಿಲು ಮುಚ್ಚಿಸಿ ನೇರಳೆ ದೀಪ ಹಿಡಿದ. ಮೇಲ್ಗಡೆ, ಹೆಬ್ಬೆರಳಿನಷ್ಟು ಪುಟ್ಟ ಸ್ವಿಚ್ಚಿನ ಬುಡದಿಂದ ಹಸಿರು ಎಣ್ಣೆ ಚಿಮ್ಮುತ್ತಿತ್ತು.

ಎಣ್ಣೆಯ ಒತ್ತಡ ಕುಸಿದರೆ ಚಾಲಕನ ಮುಂದೆ ಕೆಂಪು ದೀಪ ಹೊತ್ತಿಸುವ ಸ್ವಿಚ್ಚು ಅದು. ಅದನ್ನು ಪಾನಾದಿಂದ ಸಡಿಲಿಸಿದ್ದರು. ದೀಪ ಹೊತ್ತದಂತೆ ವೈರನ್ನೂ ಕಿತ್ತಿದ್ದರು. ನಿಂತ ಕಾರಿನಿಂದ ಹನಿ ಬೀಳುವುದಿಲ್ಲ. ಓಡುವಾಗ ಮಾತ್ರ ರಕ್ತ ಹೋದಂತೆ ಎಣ್ಣೆ ಹೋಗುತ್ತದೆ. ಅಲ್ಲಿಗೆ ಅದು ಅಪಘಾತವಾಗಿ ಉಳಿಯಲಿಲ್ಲ. ಎಂಥ ತಣ್ಣನೆಯ ಕೈ ಇದು ಎಂದು ಚೊನ್‌ಗೆ ಮೈ ಉರಿಯಿತು.

ತಾಕ್ ಬಾನೆಟ್ಟಿನೊಳಗೆ ಬಗ್ಗಿ ನೋಡಿದ. "ಮೀನೆಲ್ಲಿ ಸಾರ್? ನಾನು ಆಯಿಲ್ ಹಾಕ್ದಾಗ ಈ ಸ್ವಿಚ್ಚಿನ ಪಕ್ಕದಲ್ಲೇ ಇತ್ತು."

ಕಾರು ಹೊಸದಾಗಿ ಬಂದಾಗ ಮುದುಕಿ ಹಂದಿತಲೆ ಇಟ್ಟು, ಚಕ್ರಕ್ಕೆ ಅಕ್ಕಿಹೆಂಡ ಚೆಲ್ಲಿ, ಅಡ್ಡಬಿದ್ದು, ಕಾರಿಗೆ ಕೆಡುಕು ತಟ್ಟದಿರಲೆಂದು ಬಿಳಿ ದಾರ ಸುತ್ತಿದ ಒಣಮೀನನ್ನು ಅಲ್ಲಿ ಕಟ್ಟಿದ್ದಳು. ಬಾಂಗ್ ಡಿಕ್ಕಿ ತೆಗೆದ. ಒಗೆದ ಟವೆಲಿನಲ್ಲಿ ಸುತ್ತಿದ್ದ ಮೀನು ಸಿಕ್ಕಿತು. ಒಂದು ಹನಿ ಎಣ್ಣೆ ತಾಗಿರಲಿಲ್ಲ.

"ಕೊಲ್ಲೋಕೆ ಬಂದೋನಿಗೆ ಮೀನಿನ ಮೇಲೆ ಇಷ್ಟು ಕಾಳಜಿನಾ ಸಾರ್?" ಬಾಂಗ್ ಕೇಳಿದ.

"ಮೀನಿನ ಮೇಲಲ್ಲ. ಕಟ್ಟಿದೋರ ಮೇಲೆ. ಕಾರಿನ ಕೀ ಯಾರ ಹತ್ರ ಇರುತ್ತೆ, ಅಜ್ಜೀನ ಕೇಳು."

ಒಂದು ಗಿಹ್ವಾನ್ ಹತ್ತಿರ, ಇನ್ನೊಂದು ದಿನಾ ಕಾರು ತೊಳೆಯುವ ಸಾಂಗ್‌ದೊ ಹತ್ತಿರ ಎಂದಳು ಮುದುಕಿ. ಹೇಳುವಾಗ ಅವಳಿಗೆ ಏನೂ ಅನುಮಾನ ಬರಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಸಾಂಗ್‌ದೊ ತಮ್ಮನಿಗೆ ಗಂಜಿ ಉಣಿಸುತ್ತಿದ್ದ. ಚೊನ್ ಅವನನ್ನು ಹೊರಗೆ ಕರೆದ. ಬಟ್ಟಲು ಹಿಡಿದುಕೊಂಡೇ ಬಂದ.

"ಅಪಘಾತದ ದಿನ ಕಾರು ತೊಳೆಯುವಾಗ ಬಾನೆಟ್ ಎತ್ತಿದ್ರಾ?"

"ಇಲ್ಲ. ಬರೀ ತೊಳೆದೆ."

"ಮೀನು ಡಿಕ್ಕಿಗೆ ಹೇಗೆ ಹೋಯ್ತು?"

ಸಾಂಗ್‌ದೊ ಚಮಚ ತಿರುಗಿಸಿದ. "ಅಮ್ಮ ಅಷ್ಟು ಅಡ್ಡಬಿದ್ದು ಕಟ್ಟಿದ್ದು ಸಾರ್. ಎಣ್ಣೆ ಸಿಡಿದು ಹಾಳಾದ್ರೆ ಒಳ್ಳೇದಲ್ಲ ಅಂತ ತೆಗೆದಿಟ್ಟೆ."

"ಎಣ್ಣೆ ಸಿಡಿಯುತ್ತೆ ಅಂತ ನಿಮಗೆ ಯಾರು ಹೇಳಿದ್ರು?"

ಅವನು ಕೈಯಲ್ಲಿದ್ದ ಬಟ್ಟಲಿನೊಳಗೆ ನೋಡಿದ.

"ಗಂಜಿ ಆರ್ತಾ ಇದೆ. ಉಣಿಸಿ ಬರ್ತೀನಿ."

"ಬೇಡ," ಎಂದ ಚೊನ್. ಬಾಂಗ್ ಬಟ್ಟಲು ತೆಗೆದು ನರ್ಸ್ ಕೈಗೆ ಕೊಟ್ಟು ಕೋಳ ಹಾಕಿದ.

ಜೀಪಿನಲ್ಲಿ ಸಾಂಗ್‌ದೊ ತಾನಾಗಿಯೇ ಮಾತಾಡಿದ. ಲಾರಿ ವ್ಯಾಪಾರ ಮುಳುಗಿದ ಮೇಲೆ ಆರು ವರ್ಷ ತಮ್ಮನ ಮನೆಯಲ್ಲಿದ್ದ.

"ಅಣ್ಣ ನಾನು. ಊಟಕ್ಕೆ ಕೂತ್ರೆ ದೊಡ್ಡೋನು ನಾನು ಚಮಚ ಎತ್ತೋ ತನಕ ಅವನು ಕಾಯ್ಬೇಕು, ಅದು ಪದ್ಧತಿ. ಒಂದ್ಸಲ ಹಾಗೆ ಮೊದಲು ಎತ್ತಿದ್ದಕ್ಕೆ, 'ಯಾರ ಅನ್ನಾನೋ ಅದು?' ಅಂದ. ಆಮೇಲೆ ದಿನಾ ನಾನೇ ಕಾದೆ. ಅಮ್ಮ ಎದುರಿಗೇ ಕೂತಿರ್ತಿದ್ಲು, ಒಂದು ಮಾತೂ ಆಡ್ಲಿಲ್ಲ."

"ಅದಕ್ಕೆ ಸಾಯಿಸೋಕೆ ಹೋದ್ಯಾ?" ಚೊನ್ ಕೇಳಿದ.

"ಸಾಯದೇ ಇದ್ದಿದ್ದೇ ಒಳ್ಳೇದಾಯ್ತು ಸಾರ್. ಈ ಮೂರು ವಾರ ನಾನು ಎತ್ತದೆ ಅವನ ಬಾಯಿಗೆ ಒಂದು ಚಮಚ ಹೋಗಿಲ್ಲ."

ಬಾಂಗ್ ಕಿಟಕಿಯಾಚೆ ಉಗಿದ.

ಠಾಣೆಯಲ್ಲಿ ಕಾಯುತ್ತಿದ್ದ ಮುದುಕಿಗೆ ವಿಷಯ ತಿಳಿಸಿದ್ದು ಚೊನ್‌ನೇ. ಅವಳು ಅಳಲಿಲ್ಲ. ತಾಕ್‌ನತ್ತ ತಿರುಗಿಯೂ ನೋಡದೆ ಎದ್ದು ಆಸ್ಪತ್ರೆಗೆ ಹೋದಳು. ಸಂಜೆ ನರ್ಸ್ ಫೋನ್ ಮಾಡಿದಳು.

"ಸಾರ್, ರೋಗಿ ಯಾರ ಕೈಯಿಂದಲೂ ಉಣ್ತಿಲ್ಲ. ಅಣ್ಣ ಬರ್ಲಿ, ಅವನೇ ಉಣಿಸ್ಲಿ ಅಂತಿದಾರೆ."

"ತಾಯಿ ಅಲ್ಲೇ ಇದಾರಲ್ಲ, ಅಣ್ಣ ಮಾಡಿದ್ದು ಹೇಳಿಲ್ವಾ?"

"ಪಕ್ಕದಲ್ಲೇ ಕೂತಿದಾರೆ ಸಾರ್. ಒಂದು ಮಾತೂ ಆಡ್ತಿಲ್ಲ."