ನಡುಗುವ ಹುಲ್ಲು

ಕಾಡಿನಲ್ಲಿ ಮುನ್ನೂರು ಮರಗಳಿದ್ದವು. ಎಲ್ಲ ಮರಕ್ಕೂ ಒಂದೇ ಎಲೆ. ತುದಿ ಹರಿದ, ನಡುವೆ ಹುಳು ಕೊರೆದ ತೂತಿದ್ದ ಅದೇ ಎಲೆ. ನಿರ್ದೇಶಕಿ ದೊಡ್ಡ ಪರದೆಯ ಮೇಲೆ ಬೆರಳಿಟ್ಟು ಒಂದೊಂದಾಗಿ ತೋರಿಸುತ್ತ ಹೋದಾಗ ಮೀಟಿಂಗ್ ರೂಮಿನಲ್ಲಿ ಯಾರೋ ಕಿಸಕ್ಕೆಂದರು.

ಮೋಡಮ್ಮನ ಕಿವಿ ಕೆಂಪಾಯಿತು. ಆ ಅನಿಮೇಷನ್ ಸ್ಟುಡಿಯೋದಲ್ಲಿ ಅವಳು ಮೂರು ವರ್ಷ ಬರೀ ಆಕಾಶ, ಮೋಡ ಬರೆದಿದ್ದಳು, ಅದಕ್ಕೇ ಆ ಹೆಸರು. ಹಿನ್ನೆಲೆಯ ಕಾಡು ಅವಳ ಕೈಗೆ ಬಂದದ್ದು ಇದೇ ಮೊದಲು.

ಮೀಟಿಂಗ್ ಮುಗಿದದ್ದೇ ತಡ, ಮೂರನೇ ಮಹಡಿಗೆ ಹತ್ತಿದಳು. ಅಲ್ಲಿ ಬ್ರಶ್ ಮಾಡುವವನು ಕೂರುತ್ತಿದ್ದ. ಕೂದಲಿನ ಬ್ರಶ್ ಅಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರು ಒಮ್ಮೆ ಪೆನ್ ಎಳೆದರೆ ಸಾಕು, ಸಾಲುಸಾಲು ಎಲೆ, ತೊಗಟೆ, ಕಲ್ಲು ಮೂಡಿಸುವ ಬ್ರಶ್.

"ನಿಮ್ಮ ಎಲೆಯಿಂದ ಇವತ್ತು ನನ್ನ ಮಾನ ಹೋಯ್ತು," ಎಂದಳು.

ಅವನು ಅವಳ ಟ್ಯಾಬ್ಲೆಟ್ ನೋಡಿದ. ಆಮೇಲೆ ಅವಳನ್ನು ನೋಡಿದ, ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚಾಗಿ.

"ಇದು ಟೆಸ್ಟ್ ಬ್ರಶ್. ಹೆಸರಲ್ಲೇ ‘ಮುಟ್ಟಬೇಡಿ’ ಅಂತ ಬರೆದಿದ್ದೀನಲ್ಲ?"

"ಹಾಗೆ ಬರೆದ್ರೆ ಯಾರು ಮುಟ್ಟದೇ ಬಿಡ್ತಾರೆ?"

ಅವನು ನಕ್ಕ. ಕುರ್ಚಿ ಎಳೆದು ಕೂರಿಸಿದ. ಒಂದು ಎಲೆ ಸಾಲದು, ಏಳಾದರೂ ಬೇಕು. ಪ್ರತಿ ಸಲವೂ ಅಳತೆ, ಓರೆ, ಬಣ್ಣ ತಾವಾಗಿಯೇ ಚೂರು ಬದಲಾಗಬೇಕು. "ಎಲೆಗಳು ಅಣ್ಣತಮ್ಮಂದಿರ ಹಾಗಿರ್ಬೇಕು. ಮೂಗು ಒಂದೇ, ಬುದ್ಧಿ ಬೇರೆ."

ಮರುದಿನದಿಂದ ಊಟದ ಬಿಡುವಿನಲ್ಲಿ ಇಬ್ಬರೂ ಬ್ರಶ್ಶಿಗಾಗಿ ಅಲೆದರು. ಪಾರ್ಕಿಂಗ್ ಹಿಂದಿನ ಮರದಿಂದ ಉದುರಿದ ಎಲೆ ಆರಿಸಿ, ಶಾಯಿ ಹಚ್ಚಿ, ಕಾಗದಕ್ಕೆ ಒತ್ತಿ, ಸ್ಕ್ಯಾನ್ ಮಾಡಿದರು. ತೊಗಟೆಯ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿದರು. ಮುದುರಿದ ನ್ಯೂಸ್‌ಪೇಪರು ಬಂಡೆಯಾಯಿತು.

ಅದ್ದುವುದು, ಒತ್ತುವುದು, ಉಜ್ಜುವುದು ಎಲ್ಲ ಅವಳದೇ ಕೆಲಸ. ಅವನು ಎಡಗೈಯಲ್ಲಿ ಹಾಳೆ ಹಿಡಿಯುತ್ತಿದ್ದ. ಬಲಗೈ ಜೇಬಿನಲ್ಲಿ.

"ಬಲಗೈಗೆ ರಜೆನಾ?" ಎಂದು ಕೆಣಕಿದಳು.

"ಅದಕ್ಕೆ ಸ್ವಲ್ಪ ಸಂಕೋಚ," ಎಂದು ಅವನು ಮಾತು ಹಾರಿಸಿದ. ಗತ್ತು ಇರಬೇಕು ಎಂದುಕೊಂಡಳು. ಗತ್ತು ಅವನಿಗೆ ಒಪ್ಪುತ್ತದೆ ಅಂತಲೂ ಅನ್ನಿಸಿತು. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು.

ಮನೆಯಲ್ಲಿ ಅಕ್ಕ ಬಿಡಲಿಲ್ಲ. ಅಕ್ಕ ಹಲ್ಲಿನ ಡಾಕ್ಟರು. ಜನರ ಬಾಯಿ ಬಿಡಿಸುವುದೇ ಅವಳ ಕಸುಬು.

"ಯಾರೇ ಅವನು?"

"ಯಾರು?"

"ದಿನಾ ನಿನ್ನ ಬೆರಳಿಗೆ ಶಾಯಿ ಹಚ್ಚಿ ಕಳಿಸೋನು."

"ಆಫೀಸ್ ಕೆಲಸ ಕಣೇ."

"ಹೂಂ. ಆಫೀಸ್ ಕೆಲಸಕ್ಕೆ ಭಾನುವಾರನೂ ಯಾಕೆ ಮುಖ ಅರಳುತ್ತೆ?"

ಕಾಡು ಮುಗಿಯಿತು. ಕೊನೆಯ ದೃಶ್ಯಕ್ಕೆ ಒಣಹುಲ್ಲಿನ ಬಯಲು ಬೇಕಿತ್ತು. ಇದ್ದ ಬ್ರಶ್ಶುಗಳಲ್ಲೆಲ್ಲ ಹುಲ್ಲು ಆಗಷ್ಟೇ ಬಾಚಿದ ತಲೆಯಂತೆ ಬರುತ್ತಿತ್ತು. ಕೇಳೋಣವೆಂದು ಮೇಲೆ ಹೋದರೆ ಅವನಿರಲಿಲ್ಲ. ಮೇಜಿನ ಕೆಳಗಿನ ಕಸದ ಬುಟ್ಟಿಯಲ್ಲಿ ಮುದುರಿದ ಹಾಳೆಯೊಂದು ಕಂಡಿತು. ಬಿಡಿಸಿದಳು. ಪುಟದ ತುಂಬ ಉದ್ದುದ್ದ ಗೆರೆಗಳು, ಪ್ರತಿಯೊಂದೂ ಬುಡದಿಂದ ತುದಿಯವರೆಗೆ ಸಣ್ಣಗೆ ಅದುರಿದ್ದವು. ಅವನೂ ಹುಲ್ಲಿಗೇ ಒದ್ದಾಡಿ, ಸರಿಹೋಗದೆ ಬಿಸಾಡಿದ್ದಾನೆ ಎಂದುಕೊಂಡಳು.

ಹನ್ನೆರಡು ಗೆರೆ ಆರಿಸಿ ಬ್ರಶ್ ಮಾಡಿದಳು. ‘ನಡುಗುವ ಹುಲ್ಲು’ ಎಂದು ಹೆಸರಿಟ್ಟಳು. ಬಯಲು ನೋಡಿದ ನಿರ್ದೇಶಕಿ, "ಗಾಳಿ ಕಾಣಿಸ್ತಾ ಇದೆ ಕಣೇ," ಎಂದು ಬ್ರಶ್ಶನ್ನು ಎಲ್ಲರ ಫೋಲ್ಡರಿಗೂ ಹಾಕಿಸಿದರು.

ಸಂಜೆ ಅವನೇ ಇಳಿದು ಬಂದ. ಅವಳ ಮೇಜಿನ ಹತ್ತಿರ ಅವನು ಬಂದದ್ದು ಅದೇ ಮೊದಲು.

"ಬುಟ್ಟಿಗೆ ಹಾಕಿದ್ದನ್ನ ಯಾಕೆ ತೆಗೆದೆ?"

ಮೊದಲ ಬಾರಿಗೆ ಏಕವಚನ. ಅವಳಿಗೆ ಅದು ಬೇಕಿತ್ತು, ಹೀಗಲ್ಲ.

"ಚೆನ್ನಾಗಿತ್ತು, ಅದಕ್ಕೆ..."

"ಅದು ಹುಲ್ಲಲ್ಲ. ವಾರಕ್ಕೊಂದು ಪುಟ ಗೆರೆ ಎಳಿ, ನಡುಕ ಎಷ್ಟು ಹೆಚ್ಚಾಯ್ತು ಗೊತ್ತಾಗುತ್ತೆ ಅಂದಿದ್ರು ಡಾಕ್ಟರ್. ಹೋದ ವಾರಕ್ಕಿಂತ ಕೆಟ್ಟದಾಗಿತ್ತು, ಬಿಸಾಕಿದೆ. ಈಗ ಆಫೀಸಿಗೆಲ್ಲ ಹಂಚಿದ್ದೀಯ."

ಅವನು ಬಲಗೈ ಎತ್ತಿ ತೋರಿಸಿದ. ಚಳಿಯಲ್ಲಿ ನಿಂತವನ ಕೈಯಂತಿತ್ತು. ಅವಳು ಏನಾದರೂ ಹೇಳುವಷ್ಟರಲ್ಲಿ ಮೆಟ್ಟಿಲು ಹತ್ತಿ ಹೋಗಿಬಿಟ್ಟ.

ಮೋಡಮ್ಮ ಹಿಂದೆ ಓಡಲಿಲ್ಲ. ಬ್ರಶ್ಶನ್ನು ಎಲ್ಲರ ಫೋಲ್ಡರಿನಿಂದಲೂ ತೆಗೆದಳು. ಬಯಲನ್ನೂ ಅಳಿಸಿದಳು. ದೃಶ್ಯ ಒಪ್ಪಿಸಲು ಆರು ದಿನವಿತ್ತು.

"ತಲೆ ಕೆಟ್ಟಿದೆಯಾ? ಯಾಕೆ ಅಳಿಸಿದೆ?" ಎಂದು ನಿರ್ದೇಶಕಿ ಎಲ್ಲರೆದುರು ಕೂಗಾಡಿದರು.

"ನನಗೆ ಇಷ್ಟ ಆಗ್ಲಿಲ್ಲ," ಎಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಒಂದೊಂದೇ ಎಳೆಯನ್ನು ಕೈಯಿಂದ ಬರೆಯತೊಡಗಿದಳು. ಮೂರು ದಿನಕ್ಕೆ ಬಯಲಿನ ಒಂದು ಮೂಲೆ ತುಂಬಿತು.

ನಾಲ್ಕನೆಯ ದಿನ ಮಧ್ಯಾಹ್ನ ಅವನು ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ಕೂಗಾಟದ ಸುದ್ದಿ ಮೇಲಿನ ಮಹಡಿಗೂ ಮುಟ್ಟಿತ್ತು.

"ನಿಜ ಹೇಳಿ ತಪ್ಪಿಸ್ಕೋಬಹುದಿತ್ತಲ್ಲ?"

"ಹೇಳೋದಕ್ಕೆ ಅದು ನನ್ನ ವಿಷಯ ಆಗಿರ್ಲಿಲ್ಲ."

ಅವನು ಪರದೆಯ ಮೇಲಿನ ಹುಲ್ಲಿನತ್ತ ತಿರುಗಿದ.

"ನಮ್ಮಪ್ಪ ಅಂಗಡಿಗಳಿಗೆ ಬೋರ್ಡ್ ಬರೀತಿದ್ರು. ಅವರಿಗೂ ಹೀಗೇ ಶುರುವಾಗಿದ್ದು. ಕೊನೆಗೆ ಅಂಗಿ ಗುಂಡಿ ಹಾಕೋಕೂ ಅಮ್ಮನೇ ಬೇಕಾಯ್ತು. ನಾಳೆ ನನ್ನದೂ ಅದೇ ಪಾಡು. ಅದಕ್ಕೇ ಯಾರನ್ನೂ ಹತ್ತಿರ ಸೇರಿಸಬಾರದು ಅಂದ್ಕೊಂಡಿದ್ದೆ. ನೀನು ಎಲೆ ಹಿಡ್ಕೊಂಡು ಜಗಳಕ್ಕೆ ಬಂದೆ."

"ಅಮ್ಮನಿಗೆ ಬೇಜಾರಾಗಿತ್ತಂತಾ?"

"ನಿನ್ನೆ ಕೇಳಿದೆ."

"ಏನಂದ್ರು?"

"‘ಗುಂಡಿ ಹಾಕುವಾಗ ಮಾತ್ರ ನಿಮ್ಮಪ್ಪ ನೆಟ್ಟಗೆ ನಿಂತು ನನ್ನ ಮಾತು ಕೇಳ್ತಿದ್ದಿದ್ದು’ ಅಂದ್ಲು."

ಮೋಡಮ್ಮನಿಗೆ ನಗು ಬಂತು. ಕಣ್ಣಲ್ಲಿ ನೀರೂ ಬಂತು. ಅದನ್ನು ಒರೆಸುವ ಗೋಜಿಗೆ ಹೋಗಲಿಲ್ಲ.

ಅವನು ಖಾಲಿ ಹಾಳೆಯೊಂದನ್ನು ತನ್ನತ್ತ ಎಳೆದುಕೊಂಡು, ಪೆನ್ನಿಗಾಗಿ ಬಲಗೈ ಚಾಚಿದ. "ಹನ್ನೆರಡು ಗೆರೆ ಸಾಲದು. ಅಷ್ಟು ದೊಡ್ಡ ಬಯಲಿಗೆ ನಲವತ್ತಾದ್ರೂ ಬೇಕು."

ಪೆನ್ ಕೊಡುವ ಬದಲು ಅವಳು ಆ ಕೈಯನ್ನೇ ಹಿಡಿದಳು. ಅದು ಅವಳ ಅಂಗೈಯೊಳಗೂ ಅದುರುತ್ತಲೇ ಇತ್ತು.

"ಅದು ನಿಲ್ಲಲ್ಲ," ಎಂದ.

"ನಿಲ್ಲಿಸೋಕೆ ಹಿಡ್ಕೊಂಡಿದ್ದಲ್ಲ," ಎಂದಳು ಮೋಡಮ್ಮ.

ಅವನು ಕೈ ಬಿಡಿಸಿಕೊಳ್ಳಲಿಲ್ಲ.