ಲುಡ್ವಿಕ್ ಓಡಿಸಿದ ಟ್ಯಾಂಕು

ಅಪೊಲೋನಿಯಾ ಅಜ್ಜಿ ಬಾಗಿಲು ತಟ್ಟಿದಾಗ ಪಶುವೈದ್ಯ ಎಡ್ಮಂಡ್ ಸಬೀನಾಳ ಅಡುಗೆಮನೆಯಲ್ಲಿ ಕೂತು ಎಲೆಕೋಸಿನ ಸಾರಿಗೆ ರೊಟ್ಟಿ ಅದ್ದಿಕೊಂಡು ತಿನ್ನುತ್ತಿದ್ದ. ವಾರ್ಸಾದ ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ಜೇನು ಸಾಕಲು ಈ ಹಳ್ಳಿಗೆ ಬಂದಿದ್ದ ಸಬೀನಾಳಿಗೆ ಜೇನಿಗಿಂತ ಊರವರ ತಾಪತ್ರಯಗಳೇ ಹೆಚ್ಚು ಗಂಟುಬಿದ್ದಿದ್ದವು. ಆ ತಾಪತ್ರಯಗಳಲ್ಲೆಲ್ಲ ಎಡ್ಮಂಡ್ ಅವಳ ಜೊತೆಗಾರ, ಬಿಟ್ಟಿ ಚಾಕರ.

"ನಾಳೆ ಟ್ಯಾಂಕನ್ನ ವಾಪಸ್ ಕೆಸರಿನ ಹೊಂಡಕ್ಕೇ ತಳ್ತಾರಂತೆ ಕಣಮ್ಮ," ಅಂದಳು ಅಜ್ಜಿ. ಕೂರು ಅಂದರೂ ಕೂರಲಿಲ್ಲ. "ನನ್ನ ಅಣ್ಣ ಅದರೊಳಗಿದ್ದಾನೆ. ಒಂದು ಮೂಳೆ ಸಿಕ್ಕರೂ ಸಾಕು, ಅಮ್ಮನ ಪಕ್ಕ ಮಣ್ಣು ಮಾಡಿ ನಾನೂ ಕಣ್ಣು ಮುಚ್ತೀನಿ. ಹೇಗಾದ್ರೂ ಮಾಡಿ ತಡೀರಿ."

ಅಜ್ಜಿಯ ಅಣ್ಣ ಲುಡ್ವಿಕ್‌ನ ಕತೆ ಊರಿಗೆಲ್ಲ ಬಾಯಿಪಾಠ. ಯುದ್ಧದ ಕೊನೆಯ ಚಳಿಗಾಲದಲ್ಲಿ ಅವನು ಓಡಿಸುತ್ತಿದ್ದ ಟ್ಯಾಂಕು ತನ್ನೂರಿನ ಹತ್ತಿರವೇ ಹಾಯಬೇಕಾಗಿ ಬಂತು. ಚಿಕ್ಕಂದಿನಿಂದ ಜಾರಾಡಿದ ಹೊಂಡ ತಾನೇ ಎಂದು ಹೆಪ್ಪುಗಟ್ಟಿದ ನೀರಿನ ಮೇಲೆ ಹತ್ತಿಸಿಬಿಟ್ಟ. ಮಂಜುಗಡ್ಡೆ ಬಿರಿಯಿತು. ಮೇಲೆ ಕೂತಿದ್ದವರು ಹಾರಿಕೊಂಡು ಓಡಿದರು, ಲುಡ್ವಿಕ್ ಟ್ಯಾಂಕಿನ ಸಮೇತ ಮುಳುಗಿದ. ಅವನು ಮೇಲೇಳಲೇ ಇಲ್ಲ ಎಂದು ಹೊಂಡದ ಪಕ್ಕದ ಮನೆಯ ಸ್ಟೆಫಾನ್ ಕಣ್ಣಾರೆ ಕಂಡು ಹೇಳಿದ್ದ. ಆವತ್ತಿನಿಂದ ಅಜ್ಜಿ ಸತ್ತವರ ಹಬ್ಬಕ್ಕೆ ದೀಪ ಹಚ್ಚಿಡುವುದು ಆ ಹೊಂಡದ ದಂಡೆಯಲ್ಲೇ.

ಅರ್ಧ ಶತಮಾನವಾದ ಮೇಲೆ, ಕಮ್ಮಾರ ವಿತೊಲ್ಡ್ ಗೆಳೆಯರನ್ನು ಕಟ್ಟಿಕೊಂಡು ಟ್ಯಾಂಕನ್ನು ಎಳೆದು ತೆಗೆದ. ಹಳೇ ಸಾರಾಯಿ ಕಾರ್ಖಾನೆಯ ಕೊಟ್ಟಿಗೆಯಲ್ಲಿಟ್ಟು ತುಕ್ಕು ಕೆರೆದು, ಚೈನಿನೊಳಗಿನ ಉರುಳುಚಕ್ರಗಳಿಗೆ ಗ್ರೀಸು ತುಂಬಿ ಜೀವ ಬರಿಸಲು ಹೊರಟ. ಹಿಂಭಾಗವನ್ನಷ್ಟೇ ತೊಳೆದಿದ್ದರು. ಡ್ರೈವರ್ ಕೂರುವ ಮುಂಭಾಗದ ಕೆಸರನ್ನು ಪಾದ್ರಿಗಳು ಬಂದು ಪ್ರಾರ್ಥನೆ ಹೇಳದೆ ಮುಟ್ಟುವ ಹಾಗಿರಲಿಲ್ಲ. ಪಾದ್ರಿಗಳೋ ಕಾಯಿಲೆ ಬಿದ್ದಿದ್ದರು. ಅಷ್ಟರಲ್ಲಿ ಟ್ಯಾಂಕಿನೊಳಗಿಂದ ಯಾರೋ ತಟ್ಟುವ ಸದ್ದು ಕೇಳತೊಡಗಿತು. ಒಂದು ಭಾನುವಾರ ಪಕ್ಕದೂರಿನ ಚರ್ಚಿನಿಂದ ಬಂದು ನೋಡಿದರೆ ಟ್ಯಾಂಕು ಇದ್ದ ಜಾಗದಿಂದ ಗೇಣುದ್ದ ಮುಂದೆ ಸರಿದಿತ್ತು. ಮುಂದಿನ ಭಾನುವಾರ ಇನ್ನಷ್ಟು ಸರಿದಿತ್ತು, ಅದಕ್ಕೂ ಗೋಡೆಗೂ ನಡುವೆ ವಿತೊಲ್ಡ್ ಸತ್ತು ನಿಂತಿದ್ದ.

ಆ ಹೆಣ ನೋಡಲು ಮೊದಲು ಕರೆಸಿದ್ದು ಎಡ್ಮಂಡ್‌ನನ್ನೇ. ಹಸು ಕುದುರೆಗಳ ಸಾವು ಕಂಡು ಮನಸ್ಸು ಗಟ್ಟಿಯಾದವನಿಗೂ ಆ ರಾತ್ರಿ ನಿದ್ದೆ ಹತ್ತಿರಲಿಲ್ಲ. ಪೊಲೀಸರು ಅಪಘಾತ ಅಂದರು, ಊರವರು ಲುಡ್ವಿಕ್‌ನ ಪ್ರೇತ ಅಂದರು.

"ಎದ್ದೇಳಿ ಡಾಕ್ಟ್ರೇ," ಅಂದಳು ಸಬೀನಾ. "ಸಾರು ಓಡಿಹೋಗಲ್ಲ."

ಕೊಟ್ಟಿಗೆಯಲ್ಲಿ ಹೊಂಡದ ಹಳಸು ವಾಸನೆ ಕಟ್ಟಿಕೊಂಡಿತ್ತು. ಟ್ಯಾಂಕಿನ ಹೊಟ್ಟೆಯಿಂದ ಕಪ್ಪು ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಒಳಗೆ ಟಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಟಕ್. ಎಡ್ಮಂಡ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

"ಒಣಗಿದ ಕೆಸರು ಹೆಂಟೆಹೆಂಟೆಯಾಗಿ ಉದುರ್ತಿದೆ," ಅಂದಳು ಸಬೀನಾ. ಆದರೆ ಅವಳ ದನಿಯೂ ತಗ್ಗಿತ್ತು.

ವಿತೊಲ್ಡ್‌ನ ಗೆಳೆಯರು ಮೂವರೂ ಅಲ್ಲೇ ಇದ್ದರು. ಟ್ಯಾಂಕು ಪಡೆಯಲ್ಲಿ ಮೆಕ್ಯಾನಿಕ್ ಆಗಿ ತಲೆ ನರೆಸಿಕೊಂಡ ರೋಮಾನ್. ಈ ಕೆಲಸಕ್ಕೆ ದುಡ್ಡು ಹಾಕಿದ್ದ ಪಟ್ಟಣದ ಬೋಗ್ದಾನ್, ಬಿಳಿ ಕೈಗವಸು ಬಿಚ್ಚಿದವನಲ್ಲ. ಮತ್ತೆ ಸರ್ಕಾರಿ ಜಮೀನಿನಲ್ಲಿ ಚೈನು ಟ್ರ್ಯಾಕ್ಟರ್ ಓಡಿಸುತ್ತಿದ್ದ ಸಿಲ್ವೆಸ್ಟರ್, ಹೊಂಡದ ಪಕ್ಕದ ಮನೆಯ ಆ ಸ್ಟೆಫಾನ್‌ನ ಮಗ.

"ನೆಲ ಗೋಡೆ ಕಡೆಗೆ ಇಳಿಜಾರಿದೆ. ಚಕ್ರಕ್ಕೆ ಅಡ್ಡ ಏನೂ ಇಟ್ಟಿರಲಿಲ್ವಾ?" ಎಂದು ಕೇಳಿದಳು ಸಬೀನಾ.

"ಯಾಕಮ್ಮಾ ಇಡ್ಬೇಕು?" ಅಂದ ರೋಮಾನ್. "ಚೈನು ತಿರುಗಿಸೋ ಹಲ್ಲುಚಕ್ರ ನೋಡಿ, ತುಕ್ಕು ಹಿಡಿದು ಕಲ್ಲಾಗಿದೆ. ಅದು ತಿರುಗದೆ ಚೈನು ಸರಿಯಲ್ಲ, ಚೈನು ಸರಿಯದೆ ಟ್ಯಾಂಕು ಅಲ್ಲಾಡಲ್ಲ. ಎತ್ತು ಕಟ್ಟಿ ಎಳೆದ್ರೂ ಅಷ್ಟೇ."

"ಆದ್ರೂ ಸರೀತಲ್ಲ."

"ಅದಕ್ಕೇ ಹೇಳೋದು, ವಾಪಸ್ ಹೊಂಡಕ್ಕೆ ಹಾಕಿಬಿಡಿ ಅಂತ," ಅಂದ ಸಿಲ್ವೆಸ್ಟರ್. "ಸತ್ತವನಿಗೆ ಬೇಡದ್ದು ನಮಗ್ಯಾಕೆ."

ಭಾನುವಾರ ಎಲ್ಲೆಲ್ಲಿದ್ದಿರಿ ಎಂದರೆ, ರೋಮಾನ್ ಮತ್ತು ಬೋಗ್ದಾನ್ ಚರ್ಚಿನ ಒಂದೇ ಬೆಂಚಿನಲ್ಲಿ ಕೂತಿದ್ದೆವು ಅಂದರು. ಸಿಲ್ವೆಸ್ಟರ್, ಹಸು ಈಯುವುದರಲ್ಲಿತ್ತು, ಕೊಟ್ಟಿಗೆ ಬಿಟ್ಟು ಕದಲಲಿಲ್ಲ ಅಂದ. ನನ್ನನ್ನು ಕರೆಯದೆ ಯಾವ ಹಸು ಈಯಿತಪ್ಪ ಎಂದು ಎಡ್ಮಂಡ್‌ಗೆ ಒಳಗೊಳಗೇ ಉರಿಯಿತು.

ಸಬೀನಾ ಚೈನಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಕಬ್ಬಿಣದ ಹಲಗೆಗಳನ್ನು ಒಂದಕ್ಕೊಂದು ಪೋಣಿಸುವ ಪಿನ್ನುಗಳ ಬೋಳು ತುದಿಗಳು ಸಾಲಾಗಿ ಹೊರಗೆ ಕಾಣುತ್ತಿದ್ದವು. ಒಂದರದ್ದು ಮಾತ್ರ ಅಣಬೆಯಂಥ ದುಂಡು ತಲೆ. ಆಚೆ ಪಕ್ಕದಲ್ಲೂ ಅಂಥದ್ದೇ ಒಂದು. ಎಡ್ಮಂಡ್ ಅದನ್ನು ಬೆರಳಿಂದ ಮುಟ್ಟಿ, ಹೊಸ ಗ್ರೀಸು ಹತ್ತಿತೆಂದು ಬೈದುಕೊಂಡು ಪ್ಯಾಂಟಿಗೆ ಒರೆಸಿಕೊಂಡ. ಸಬೀನಾ ಅಲ್ಲಿಂದೆದ್ದು, ಮುಂದಿದ್ದ ಡ್ರೈವರ್ ಮುಚ್ಚಳದ ಸಂದಿಗೆ ಟಾರ್ಚು ಹಿಡಿದು ತುಂಬಾ ಹೊತ್ತು ನೋಡಿದಳು.

ಹೊರಗೆ ಬಂದ ಮೇಲೆ ಅವಳು ಎಡ್ಮಂಡ್‌ಗೆ ಒಂದು ಕೆಲಸ ಒಪ್ಪಿಸಿದಳು. "ಆ ಹೊಸ ಕರು ನೋಡ್ಕೊಂಡು ಬನ್ನಿ ಡಾಕ್ಟ್ರೇ. ನಾನು ಪಾದ್ರಿಗಳನ್ನ ಹಾಸಿಗೆಯಿಂದ ಎಬ್ಬಿಸ್ತೀನಿ."

ಮಾರನೆಯ ಬೆಳಿಗ್ಗೆ ಟ್ಯಾಂಕು ಎಳೆಯುವ ಯಂತ್ರ ಹೊರಗೆ ಬಂದು ನಿಂತಿತ್ತು. ಒಳಗೆ ಮೂವರು ಗೆಳೆಯರು, ಕಂಬಳಿ ಹೊದ್ದ ಪಾದ್ರಿ, ಒಬ್ಬ ಪೊಲೀಸಿನವನು. ಅಪೊಲೋನಿಯಾ ಅಜ್ಜಿ ಮಡಚಿದ ಬಿಳಿ ಬಟ್ಟೆ ಹಿಡಿದು ಬಂದಿದ್ದಳು. ಅಣ್ಣನ ಮೂಳೆ ಸುತ್ತುವುದಕ್ಕೆ ತಂದದ್ದು.

"ಪ್ರೇತಕ್ಕೆ ಪಿನ್ನು ಬಿಚ್ಚೋ ಅಗತ್ಯ ಇರಲ್ಲ," ಎಂದು ಶುರುಮಾಡಿದಳು ಸಬೀನಾ. "ಮನುಷ್ಯನಿಗಿರುತ್ತೆ. ಹಲ್ಲುಚಕ್ರ ಕಚ್ಚಿಕೊಂಡಿದ್ರೂ ಎರಡು ಕಡೆ ಒಂದೊಂದು ಪಿನ್ನು ಹೊಡೆದು ತೆಗೆದ್ರೆ ಚೈನಿನ ಹಿಡಿತ ತಪ್ಪುತ್ತೆ. ಗ್ರೀಸು ತುಂಬಿದ ಉರುಳುಚಕ್ರಗಳು ಚೈನಿನ ಮೇಲೇ ಉರುಳಿಕೊಂಡು ಇಳಿಜಾರಿಗೆ ಹೋಗ್ತವೆ. ಆಮೇಲೆ ರಾಟೆ ಹಾಕಿ ಚೈನು ಎಳೆದು ಮತ್ತೆ ಪಿನ್ನು ಬಡಿದ್ರೆ ಆಯ್ತು, ಟ್ಯಾಂಕು ತಾನಾಗಿ ಸರಿದ ಹಾಗೆ. ಹೌದೇನು ರೋಮಾನ್?"

ರೋಮಾನ್ ಬೆಪ್ಪಾಗಿ ತಲೆಯಾಡಿಸಿದ.

"ಈ ಟ್ಯಾಂಕಿನ ಪಿನ್ನು ಯಾವ ಕಡೆಯಿಂದ ಹಾಕ್ತೀರಿ?"

"ಒಳಗಡೆಯಿಂದ. ತಲೆ ಒಳಕ್ಕೇ ಇರ್ಬೇಕು. ಓಡುವಾಗ ಪಿನ್ನು ಒಳಕ್ಕೆ ಜರುಗಿದ್ರೆ ಟ್ಯಾಂಕಿನ ಮೈಮೇಲಿರೋ ಕಬ್ಬಿಣದ ಪಟ್ಟಿ ಆ ತಲೆಗೆ ಗುದ್ದಿ ವಾಪಸ್ ಕೂರಿಸುತ್ತೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಇದನ್ನೇ ಹೇಳ್ತೀನಿ."

"ಎರಡು ಪಿನ್ನಿನ ತಲೆ ಹೊರಗಿದೆ, ನೋಡು. ಇದು ನಿನ್ನ ಕೈಕೆಲಸ ಅಲ್ಲ. ಬೋಗ್ದಾನ್ ಅವ್ರು ಸುತ್ತಿಗೆ ಹಿಡಿದೋರಲ್ಲ. ಹೊರಗಡೆಯಿಂದ ಪಿನ್ನು ಬಡಿದು ರೂಢಿಯಿದ್ದ ಕೈ ಇದು, ಸರ್ಕಾರಿ ಜಮೀನಿನ ಟ್ರ್ಯಾಕ್ಟರಿಗೆ ಹಾಕೋ ಹಾಗೆ. ಮೊದಲ ಸಲ ನಿಧಾನವಾಗಿ ಸರಿಯಾಗೇ ಹಾಕಿದ್ದ. ಎರಡನೇ ಸಲ ಗಾಬರಿಯಲ್ಲಿ ಹಳೇ ರೂಢಿಯಂತೆ ಬಡಿದುಬಿಟ್ಟ. ಡಾಕ್ಟ್ರೇ, ಸಿಲ್ವೆಸ್ಟರ್ ಮನೆ ಕರು?"

"ಈಸ್ಟರ್ ಹಬ್ಬಕ್ಕೇ ಹುಟ್ಟಿದ್ದು, ಆ ಭಾನುವಾರ ಅಲ್ಲ. ಆಗ್ಲೇ ಹುಲ್ಲು ಮೇಯ್ತಿದೆ," ಅಂದ ಎಡ್ಮಂಡ್.

"ಯಾರೋ ಹೆದರಿಸೋಕೆ ಮಾಡಿರಬಹುದು," ಅಂದ ಸಿಲ್ವೆಸ್ಟರ್. ಅವನ ಮುಖ ಸುಣ್ಣವಾಗಿತ್ತು. "ನನಗೇನು ಲಾಭ?"

"ಹೇಳ್ತೀನಿ. ಪಾದ್ರಿಗಳೇ, ಪ್ರಾರ್ಥನೆ ಮಾಡಿ."

ಪಾದ್ರಿಗಳು ಕೆಮ್ಮುತ್ತಲೇ ಪ್ರಾರ್ಥನೆ ಮುಗಿಸಿದರು. ರೋಮಾನ್ ಮುಚ್ಚಳಕ್ಕೆ ಕೈ ಹಾಕಿದ. ಒಳಚಿಲಕ ತೆರೆದ ಸ್ಥಿತಿಯಲ್ಲೇ ತುಕ್ಕು ಹಿಡಿದಿತ್ತು, ಮುಚ್ಚಳವನ್ನು ಹಿಡಿದಿಟ್ಟದ್ದು ಬರೀ ಕೆಸರು. ಬಕೆಟ್ಟು ಬಕೆಟ್ಟು ಕೆಸರು ಜರಡಿಗೆ ಬಿತ್ತು. ತುಕ್ಕಿನ ಚೂರು, ಒಂದು ತಗಡಿನ ಲೋಟ, ಕೊಳೆತ ಚರ್ಮದ ಪಟ್ಟಿ. ಡ್ರೈವರಿನ ಸೀಟು ಕಂಡಿತು, ಸೀಟಿನ ಕೆಳಗಿನ ತಳವೂ ಕಂಡಿತು. ಮೂಳೆ ಅಂತ ಒಂದು ಚೂರೂ ಇರಲಿಲ್ಲ.

ಅಜ್ಜಿ ಬಟ್ಟೆ ಬಿಚ್ಚಿ ಹಿಡಿದುಕೊಂಡು ನಿಂತೇ ಇದ್ದಳು. "ಎಲ್ಲಿ ನನ್ನಣ್ಣ?" ಅಂದಳು.

"ಈ ಖಾಲಿ ಸೀಟು ಕಾಣಬಾರದು ಅಂತಾನೇ ಇಷ್ಟೆಲ್ಲ ನಡೆದದ್ದು," ಅಂದಳು ಸಬೀನಾ. "ಲುಡ್ವಿಕ್ ಚಿಲಕ ತೆಗೆದು ಈಜಿ ಆಚೆ ಬಂದಿದ್ದ. ಮುಳುಗಿದವನು ಏಳಲಿಲ್ಲ ಅಂತ ಸುಳ್ಳು ಹೇಳಿದ್ದು ನಿನ್ನ ಅಪ್ಪ ಸ್ಟೆಫಾನ್. ಯಾರು ಸರಿಸ್ತಾರೆ ನೋಡೋಣ ಅಂತ ಚರ್ಚಿಗೆ ಹೋಗದೆ ಕಾದವನು ವಿತೊಲ್ಡ್. ಉರುಳೋ ಚಕ್ರಕ್ಕೆ ಅಡ್ಡ ಕೊಡೋಕೆ ಹೋಗಿ ಸಿಕ್ಕಿಕೊಂಡ. ಅವನು ಆ ಕ್ಷಣಕ್ಕೇ ಸಾಯಲಿಲ್ಲ ಸಿಲ್ವೆಸ್ಟರ್, ಡಾಕ್ಟ್ರು ಹೇಳಿದ್ದಾರೆ. ಅವನಿಗಿನ್ನೂ ಉಸಿರಿದ್ದಾಗ ನೀನು ಪಿನ್ನು ಬಡೀತಿದ್ದೆ."

ಒಳಗೆ ಎಲ್ಲಿಯೋ ಒಂದು ಹೆಂಟೆ ಉದುರಿ ಟಕ್ ಎಂದಿತು. ಸಿಲ್ವೆಸ್ಟರ್ ಕುಸಿದು ಕೂತ.

"ಒದ್ದೆ ಮೈಯಲ್ಲಿ ನಮ್ಮ ಮನೆ ಬಾಗಿಲಿಗೆ ಬಂದಿದ್ನಂತೆ," ಅಂದ. "ಜರ್ಮನರು ಇನ್ನೂ ಸುತ್ತಮುತ್ತ ಇದ್ರು. ಅಪ್ಪ ಹೆದರಿ ತೆಗೀಲಿಲ್ಲ. ತಟ್ಟಿದ್ನಂತೆ, ತಟ್ಟಿದ್ನಂತೆ, ಆಮೇಲೆ ನಿಲ್ಲಿಸಿದ್ನಂತೆ. ಬೆಳಿಗ್ಗೆ ಹೊಸ್ತಿಲ ಮೇಲೆ ಮರಗಟ್ಟಿ ಹೋಗಿದ್ದ. ಸಾಯೋ ಹೊತ್ತಲ್ಲಿ ಅಪ್ಪ ನಂಗೆ ಹೇಳಿದ್ರು. ಯಾರೋ ತಟ್ತಿದ್ದಾರೆ, ಬಾಗಿಲು ತೆಗಿ ಅನ್ನೋರು. ಊರಲ್ಲಿ ಅವರ ಹೆಸರು ಉಳೀಲಿ ಅಂತ... ವಿತೊಲ್ಡ್‌ನ ಕೊಲ್ಬೇಕು ಅಂತ ಇರಲಿಲ್ಲ ನಂಗೆ."

"ಎಲ್ಲಿ ಹೂಳಿದ್ರು?" ಎಂದು ಕೇಳಿದಳು ಅಜ್ಜಿ.

"ಹಿತ್ತಲಿನ ಮರಸೇಬಿನ ಗಿಡದ ಕೆಳಗೆ."

ಅಜ್ಜಿ ಬಿಳಿ ಬಟ್ಟೆಯನ್ನು ಮತ್ತೆ ಮಡಚಿದಳು. "ನಿಮ್ಮಪ್ಪ ಪ್ರತಿ ವರ್ಷ ನಂಗೆ ಬುಟ್ಟಿ ತುಂಬಾ ಮರಸೇಬಿನ ಹಣ್ಣು ಕಳಿಸ್ತಿದ್ದ. ಎಂಥ ಒಳ್ಳೇ ಮನುಷ್ಯ ಅಂದ್ಕೊಂಡಿದ್ದೆ," ಅಂದಳು. "ತಿಂದ್ಬಿಟ್ಟೆ ಕಣೋ. ಎಲ್ಲಾ ತಿಂದ್ಬಿಟ್ಟೆ."

ಪೊಲೀಸಿನವನು ಕೋಳ ತೆಗೆದಾಗ ಅಜ್ಜಿ ಕೈ ಅಡ್ಡ ಹಿಡಿದಳು. "ಸ್ವಲ್ಪ ತಡೀರಿ ಸ್ವಾಮಿ. ಮೊದಲು ಇವನ ಕೈಗೆ ಗುದ್ದಲಿ ಕೊಡಿ. ನನ್ನ ಅಣ್ಣನ್ನ ತೆಗೆದು ಕೊಡಲಿ, ಆಮೇಲೆ ಎಲ್ಲಿಗಾದ್ರೂ ಕರ್ಕೊಂಡು ಹೋಗಿ."

ಪೊಲೀಸಿನವನು ಸಬೀನಾಳ ಮುಖ ನೋಡಿದ. ಸಬೀನಾ ಎಡ್ಮಂಡ್‌ನ ಕಡೆ ತಿರುಗಿದಳು. ಎಡ್ಮಂಡ್ ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ತಂದು ಸಿಲ್ವೆಸ್ಟರ್‌ನ ಕೈಗಿಟ್ಟ.