ಬೇಡಪ್ಪನ ಮೇಜಿಗೆ ಬಂದ ಗಿರಾಕಿ

"ಷೇರು ಅಂದ್ರೆ ಏನು ಅಂತ ಗೊತ್ತಾ ನಿಮಗೆ?"

ಮೇಜಿನ ಆಚೆ ಕುಳಿತವನು ಕೇಳಿದ ರೀತಿಗೆ ಅವಳ ಮೈಯೆಲ್ಲ ಉರಿದುಹೋಯಿತು. ಏನು ಧ್ವನಿ! ಏನು ತಾತ್ಸಾರ! ಒಂದನೇ ತರಗತಿಯ ಮಗುವಿಗೆ ಅಆಇಈ ಕೇಳುವ ಹಾಗೆ...

ಅವಳನ್ನು ಯಾರೆಂದುಕೊಂಡಿರಿ? ಇದೇ ಹೂಡಿಕೆ ಕಂಪನಿಯ ಮುಖ್ಯ ಕಚೇರಿಯ ತಪಾಸಣೆಯವಳು. ಗಿರಾಕಿಯ ವೇಷದಲ್ಲಿ ಶಾಖೆಗಳಿಗೆ ಹೋಗುವುದು, ಏನೂ ಅರಿಯದವಳಂತೆ ಕಣ್ಣು ಪಿಳಿಪಿಳಿ ಬಿಡುವುದು, ಫಂಡ್ ಮಾರುವವರು ಎಲ್ಲಿ ಸುಳ್ಳು ಹೇಳುತ್ತಾರೆಂದು ನೋಡಿ ವರದಿ ಬರೆಯುವುದು ಅವಳ ಕೆಲಸ. ಯಾರಾದರೂ "ಲಾಭ ಗ್ಯಾರಂಟಿ" ಎಂದರೋ, ಅವರ ಕಥೆ ಮುಗಿಯಿತು. ಲೋಕದಲ್ಲಿ ಪ್ರಾಮಾಣಿಕಳು ತಾನೊಬ್ಬಳೇ ಎಂಬ ಜಂಬ ಬೇರೆ!

"ಗೊತ್ತಿಲ್ಲ ಸಾರ್," ಎಂದಳು ಮೆಲ್ಲಗೆ. "ಆರು ತಿಂಗಳಲ್ಲಿ ದುಡ್ಡು ವಾಪಸ್ ಬೇಕು. ಅಷ್ಟರಲ್ಲಿ ಷೇರು ಫಂಡಲ್ಲಿ ಡಬಲ್ ಆಗುತ್ತಂತಲ್ಲ..."

"ಯಾವ ಪುಣ್ಯಾತ್ಮ ಹೇಳಿದ್ದು? ತರಕಾರಿ ಆದ್ರೆ ಮುರಿದು, ಮೂಸಿ ನೋಡಿ ತಗೋತೀರಿ. ಷೇರಿಗೆ ಮಾತ್ರ ಕಣ್ಣು ಮುಚ್ಕೊಂಡು ಬಂದ್ಬಿಡ್ತೀರಿ!" ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ಕೇಳಿ. ಷೇರು ತಗೊಂಡ್ರೆ ನೀವು ಆ ಕಂಪನಿಯ ಪಾಲುದಾರರು. ಲಾಭ ಬಂದ್ರೆ ಡಿವಿಡೆಂಡ್ ಅಂತ ಒಂದಿಷ್ಟು ಕೊಟ್ರೂ ಕೊಡಬಹುದು. ಕಂಪನಿ ಮುಳುಗಿದ್ರೆ ನಿಮ್ಮ ಪಾಲೂ ಮುಳುಗ್ತು. ಬಾಂಡ್ ಅಂದ್ರೆ ನೀವು ಕಂಪನಿಗೆ ಕೊಡೋ ಸಾಲ. ಬಡ್ಡಿ ಎಷ್ಟು ಅಂತ ಮೊದಲೇ ಹೇಳಿರ್ತಾರೆ. ಬಹಳ ಜನರ ದುಡ್ಡು ಸೇರಿಸಿ ಹತ್ತಾರು ಷೇರು, ಬಾಂಡ್ ಕೊಂಡ್ರೆ ಅದು ಮ್ಯೂಚುವಲ್ ಫಂಡ್. ಅರ್ಥ ಆಯ್ತಾ, ಇಲ್ಲಾ ಸುಮ್ನೆ ತಲೆ ಆಡಿಸ್ತಿದ್ದೀರಾ?"

'ಮಹರಾಯ, ಇದನ್ನೆಲ್ಲ ನಿನಗಿಂತ ಚೆನ್ನಾಗಿ ಹೇಳಬಲ್ಲೆ ಕಣೋ!' ಎಂದು ಒಳಗೊಳಗೇ ಹಲ್ಲು ಕಡಿದಳು.

ಆದರೆ ಬೈಯುತ್ತಲೇ ಅವನು ನೀರಿನ ಲೋಟವನ್ನು ಅವಳ ಮುಂದೆ ಸರಿಸಿದ್ದ. ಹುಬ್ಬು ಗಂಟಿಕ್ಕಿತ್ತು, ಕಣ್ಣುಗಳು ಮಾತ್ರ ನಗುತ್ತಿದ್ದವು. ಆ ಕಣ್ಣುಗಳನ್ನು ಅವಳು ನೋಡಬಾರದಿತ್ತು... ನೋಡಿಬಿಟ್ಟಳು!

ಅವನೂ ಅವಳನ್ನೇ ನೋಡುತ್ತಿದ್ದ. "ಈಗ... ಬಡ್ಡಿ ದರ ಏರಿದ್ರೆ ಹಳೇ ಬಾಂಡಿನ ಬೆಲೆನೂ ಏರುತ್ತೆ..."

"ಇಳಿಯುತ್ತೆ!"

ಬಾಯಿಂದ ಬಂದೇಬಿಟ್ಟಿತು. ಅಲ್ಲಿಗಾದರೂ ನಿಲ್ಲಿಸಿದಳೇ?

"ಹೊಸ ಬಾಂಡಿಗೆ ಜಾಸ್ತಿ ಬಡ್ಡಿ ಸಿಗೋವಾಗ, ಕಮ್ಮಿ ಬಡ್ಡಿಯ ಹಳೇದನ್ನ ಪೂರ್ತಿ ಬೆಲೆ ಕೊಟ್ಟು ಯಾರ್ರೀ ತಗೋತಾರೆ?"

ಅವನು ಕೆಂಪಗಾಗಿ, "ಹೌದು... ಇಳಿಯುತ್ತೆ," ಎಂದ. "ಆರು ತಿಂಗಳಲ್ಲಿ ಬೇಕಾಗೋ ದುಡ್ಡಿಗೆ ಷೇರು ಫಂಡ್ ಬೇಡ. ಬ್ಯಾಂಕಲ್ಲಿಡಿ. ಹೋಗ್ಬನ್ನಿ."

ತಪಾಸಣೆಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ವೇಷ ಬಯಲಾಯಿತೆಂಬ ಅನುಮಾನ ಬಂದರೂ ಸಾಕು, ಆ ಭೇಟಿ ರದ್ದು. ತಪ್ಪು ತನ್ನದೆಂದು ಒಪ್ಪಿಕೊಂಡು ಬರೆಯಬೇಕು.

ಒಪ್ಪಿಕೊಳ್ಳುವುದೇ? ನಮ್ಮ ನಾಯಕಿಯೇ? ಛೆ ಛೆ! "ತಪಾಸಣೆಯವಳೆಂದು ಗುರುತು ಹಿಡಿದು ಸಾಚಾ ಎಂಬಂತೆ ನಾಟಕವಾಡಿದ. ನಂಬಿಕೆಗೆ ಅರ್ಹನಲ್ಲ," ಎಂದು ಬರೆದು ಕಳಿಸಿದಳು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ, ಹಾಗೆ.

ಇಷ್ಟಾದರೂ ಆ ಕಣ್ಣುಗಳು ಅವಳ ಬೆನ್ನು ಬಿಡಲಿಲ್ಲ. ಊಟಕ್ಕೆ ಕೂತರೂ ಅದೇ ನೆನಪು. 'ಇಷ್ಟು ಚೆಂದದ ಕಣ್ಣಿನವನು ಮೋಸಗಾರನೇ ಆಗಿರಬೇಕು!' ಎಂದು ತನಗೆ ತಾನೇ ಹೇಳಿಕೊಂಡಳು. ಇದಕ್ಕೆ ತರ್ಕ ಎನ್ನುತ್ತಾರೆಯೇ? ಅವಳು ಎನ್ನುತ್ತಿದ್ದಳು.

ಅಲ್ಲಿ ಶಾಖೆಯ ಮ್ಯಾನೇಜರನಿಗೆ ಹಾಲು ಕುಡಿದಷ್ಟು ಸಂತೋಷ. ಮಾರಾಟದ ಟಾರ್ಗೆಟ್ ಎಂದೂ ಮುಟ್ಟದ ಈ ಮನುಷ್ಯನನ್ನು ಹೊರದಬ್ಬಲು ಅವನು ಕಾಯುತ್ತಲೇ ಇದ್ದ. ವರದಿ ಬಂದ ದಿನವೇ ಸಸ್ಪೆಂಡ್ ಮಾಡಿ, ಶುಕ್ರವಾರಕ್ಕೆ ವಿಚಾರಣೆ ಇಟ್ಟ. ಆರೋಪ ಸಾಬೀತಾದರೆ ಕೆಲಸ ಹೋದಂತೆ. 'ನಂಬಿಕೆಗೆ ಅರ್ಹನಲ್ಲ' ಎನಿಸಿಕೊಂಡವನನ್ನು ಈ ಕಸುಬಿನಲ್ಲಿ ಇನ್ಯಾರೂ ಬಾಗಿಲೊಳಗೆ ಬಿಡುವುದಿಲ್ಲ.

ಗುರುವಾರ ಸಂಜೆ ಬಟ್ಟೆ ಮಡಚುತ್ತಾ ಅವಳು ಅಮ್ಮನಿಗೆ ಸುದ್ದಿ ಹೇಳಿದಳು.

"ಮಾರ್ಕೆಟ್ ಪಕ್ಕದ ಬ್ರಾಂಚಾ? ಮೂಲೆ ಮೇಜಿನವನಾ?" ಅಮ್ಮನ ಮುಖ ಅರಳಿತು. "ಪೀಡೆ ತೊಲಗ್ತು ಬಿಡು! ನಿನಗೆ ಹೇಳಿರ್ಲಿಲ್ಲ, ಹೋದ ತಿಂಗಳು ಮಂಡಿ ಆಪರೇಷನ್ನಿನ ದುಡ್ಡು ತಗೊಂಡು ಅಲ್ಲಿಗೆ ಹೋಗಿದ್ದೆ."

"ಅಮ್ಮಾ! ಯಾಕೆ?"

"ನಾಲ್ಕು ಕಾಸು ಹೆಚ್ಚಾಗ್ಲಿ ಅಂತ. ಆ ಬೃಹಸ್ಪತಿ, 'ಆಪರೇಷನ್ ದುಡ್ಡು ತಂದು ಷೇರು ಫಂಡಿಗೆ ಸುರೀತೀರಲ್ಲ, ಬುದ್ಧಿ ಇದೆಯಾಮ್ಮಾ?' ಅಂದ! ನಂಗೆ ಕಣೇ, ನಂಗೆ! ಆಟೋ ಹತ್ತಿಸಿ, 'ಸೀದಾ ಬ್ಯಾಂಕಿಗೆ ಬಿಡಪ್ಪ' ಅಂತ ಡ್ರೈವರಿಗೂ ಹೇಳ್ದ. ಯಾರು ಬಂದ್ರೂ ಇವನದು ಇದೇ ಹಾಡಂತೆ, 'ಬೇಡಪ್ಪ' ಅಂತಾನೇ ಹೆಸರಿಟ್ಟಿದ್ದಾರೆ."

ಅವಳ ಕೈಯಲ್ಲಿದ್ದ ಸೀರೆ ಜಾರಿತು. "ನೀನು ನನ್ನ ತಾಯಿ ಅಂತ ಅವರಿಗೆ ಗೊತ್ತಿತ್ತಾ?"

"ಹೇಳ್ಕೊಂಡು ಮಾನ ಕಳ್ಕೋಬೇಕಿತ್ತಾ?"

ಅವನು ನಾಟಕ ಆಡಿರಲೇ ಇಲ್ಲ... ಆಡಿದ್ದು ತಾನು! ಎದೆ ಧಸಕ್ಕೆಂದಿತು. ಈಗಲಾದರೂ ಎಂದಿತಲ್ಲ, ಪುಣ್ಯ.

ವಿಚಾರಣೆಯ ಕೋಣೆಯಲ್ಲಿ ತಪಾಸಣೆ ವಿಭಾಗದ ಮುಖ್ಯಸ್ಥೆಯ ಎದುರು ಮ್ಯಾನೇಜರ್ ರೇಡಿಯೋ ಹಾಗೆ ಮಾತಾಡುತ್ತಿದ್ದ. "ಬಂದ ಗಿರಾಕಿಗಳನ್ನೆಲ್ಲ ಬೇಡ ಬೇಡ ಅಂತ ಅಟ್ತಾನೆ ಮೇಡಂ. ತಪಾಸಣೆಯವರು ಬಂದಾಗ ಮಾತ್ರ ಪ್ರಾಮಾಣಿಕ!" ಈ ಎರಡು ಮಾತೂ ಒಟ್ಟಿಗೆ ಹೇಗೆ ನಿಜವಾಗುತ್ತವೆಂದು ಯೋಚಿಸುವಷ್ಟು ಮಿದುಳನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ.

ಬೇಡಪ್ಪ ತಲೆ ತಗ್ಗಿಸಿ ಕುಳಿತಿದ್ದ. ಅವಳು ಒಳಗೆ ಬಂದಾಗ ತಲೆಯೆತ್ತಿದ. ಆ ಗಿರಾಕಿ! ವರದಿ ಬರೆದವಳು ಇವಳೇ! ಕಣ್ಣುಗಳಲ್ಲಿ ನಗುವಿನ ಸುಳಿವೂ ಇರಲಿಲ್ಲ, ಬರೀ ಅಸಹ್ಯ.

ಅವಳಿಗೆ ಅತ್ತುಬಿಡಬೇಕೆನಿಸಿತು. ಅಳಲಿಲ್ಲ.

"ಮೇಡಂ, ವರದಿ ಸುಳ್ಳು," ಎಂದಳು ಮುಖ್ಯಸ್ಥೆಗೆ. "ಬಾಂಡ್ ವಿಷಯದಲ್ಲಿ ಅವರು ಬಾಯಿ ತಪ್ಪಿ ಏನೋ ಹೇಳಿದಾಗ ನಾನು ತಡ್ಕೊಳ್ಳೋಕಾಗದೆ ತಿದ್ದಿದೆ. ನನ್ನ ವೇಷ ನಾನೇ ಕಳಚ್ಕೊಂಡು ತಪ್ಪನ್ನ ಅವರ ಮೇಲೆ ಹಾಕಿದೆ. ಅವರು ಹೇಳಿದ್ದೆಲ್ಲ ಸರಿಯಾದ ಸಲಹೆ. ನಮ್ಮಮ್ಮನಿಗೂ ಹಾಗೇ ಹೇಳಿ ಕಳಿಸಿದ್ದಾರೆ, ಯಾರು ಅಂತ ಗೊತ್ತಿಲ್ಲದೇನೇ."

ಮುಖ್ಯಸ್ಥೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪಾಸಣೆಗೆ ಕಳಿಸಿದ್ರೆ ಪಾಠ ಹೇಳ್ಬಿಟ್ಟು ಬಂದ್ಯೇನಮ್ಮಾ? ಅಷ್ಟು ಆಸೆ ಇದ್ರೆ ಪಾಠಾನೇ ಹೇಳು. ನಾಳೆಯಿಂದ ಹೊಸಬರ ತರಬೇತಿಗೆ ಹೋಗು. ಬಡ್ತಿ ಕನಸು ಬಿಡು."

ಅವನಿಗೆ ಕೆಲಸ ಮರಳಿತು. ಅವನು ಅವಳತ್ತ ತಿರುಗಿಯೂ ನೋಡದೆ ಹೊರಟುಹೋದ.

ಅವಳು ತರಬೇತಿ ಕೋಣೆಗೆ ಹೋಗತೊಡಗಿದಳು. ಬಾಗಿಲ ಸದ್ದಾದಾಗಲೆಲ್ಲ ಕತ್ತು ಹೊರಳುತ್ತಿತ್ತು. ಅವನು ಬಂದು ನಾಲ್ಕು ಬೈದು ಹೋಗಬಾರದೇ, ಅಷ್ಟಕ್ಕೂ ಯೋಗ್ಯಳಲ್ಲವೇ ತಾನು?

ಒಂದು ಸಂಜೆ ಪಾಠ ಮುಗಿಸಿ ಬೋರ್ಡ್ ಒರೆಸುತ್ತಿದ್ದಳು.

"ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟಿದೆ ಗೊತ್ತಾ?"

ತಿರುಗಿದಳು. ಬಾಗಿಲಲ್ಲಿ ಅವನೇ!

"ಗೊತ್ತು..."

"ಏನೂ ಗೊತ್ತಿಲ್ಲ ನಿಮಗೆ! ಅವತ್ತು ನೀವು ತಪಾಸಣೆಯವರು ಅಂತ ನನಗೆ ಹೊಳೀಲೇ ಇಲ್ಲ. ಯಾರೋ ಕಾಲೇಜು ಮೇಡಂ ಅಂದ್ಕೊಂಡೆ. ಮತ್ತೆ ಬರ್ತೀರೇನೋ ಅಂತ ವಾರವಿಡೀ ಬಾಗಿಲು ನೋಡ್ತಾ ಕೂತಿದ್ದೆ ಕಣ್ರೀ. ಬಂದಿದ್ದು ಸಸ್ಪೆಂಡ್ ಆರ್ಡರ್!"

ಅವಳ ಕಣ್ಣು ತುಂಬಿತು. "ಇಷ್ಟ ಆಗ್ಬಿಟ್ಟಿದ್ರಿ... ಅದಕ್ಕೇ ಕೆಟ್ಟವರು ಅಂತ ಬರೆದೆ. ಕ್ಷಮಿಸಿ ಅನ್ನೋಕೂ ಮುಖ ಇಲ್ಲ ನನಗೆ."

ಅವನು ಒಳಗೆ ಬಂದು ಮೊದಲ ಬೆಂಚಿನ ಪಕ್ಕ ನಿಂತ.

"ಬೈಯೋಕೆ ಅಂತಾನೇ ಬಂದೆ. ಬಸ್ಸಲ್ಲಿ ಕೂತು ಒಂದೊಂದೇ ಮಾತು ಜೋಡಿಸ್ಕೊಂಡು ಬಂದಿದ್ದೆ. ಈಗ ನೋಡಿದ್ರೆ ಒಂದೂ ಬಾಯಿಗೆ ಬರ್ತಿಲ್ಲ."

"ಬರೋ ತನಕ ಕೂತ್ಕೊಳ್ಳಿ."

"ಬರದೇ ಹೋದ್ರೆ?"

ಅವಳು ಕಣ್ಣೊರೆಸಿಕೊಂಡು ಅವನಿಗೊಂದು ಕುರ್ಚಿ ಎಳೆದಿಟ್ಟಳು.

"ಕೂತೇ ಇರಿ..."